ಎರಡು ಸೆಕೆಂಡಿನ ಲೆಕ್ಕ: ಲೈಸೆನ್ಸ್ ಸಿಕ್ಕ ಮೇಲಿನ ಬೈಕ್ ಕಲಿಕೆ

ಆರ್‌ಟಿಒ ಮೈದಾನದಲ್ಲಿ ಕಾಲು ನೆಲಕ್ಕೂರದೆ ಎಂಟು ಹಾಕಿ, ಕೈಸನ್ನೆ ತೋರಿಸಿ, ಲೈಸೆನ್ಸ್ ಪಡೆದು ಮನೆಗೆ ಬಂದ ದಿನವೇ ನಮ್ಮಲ್ಲಿ ಬಹುತೇಕ ಸವಾರರ ಕಲಿಕೆ ಮುಗಿದುಹೋಗುತ್ತದೆ. ಎಂಟು ಹಾಕುವುದು ನಡಿಗೆಯ ವೇಗದಲ್ಲಿ ಗಾಡಿಯ ತೂಕವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಪರೀಕ್ಷೆ. ರಾಯಚೂರಿನ ತೀನ್ ಕಂದೀಲ್ ಮಾರುಕಟ್ಟೆಯ ಗದ್ದಲದಲ್ಲಿ ತಳ್ಳುಗಾಡಿಗಳ ನಡುವೆ ನುಸುಳುವಾಗ ಅದು ಕೆಲಸಕ್ಕೆ ಬರುತ್ತದೆ. ಆದರೆ ಅರವತ್ತರ ವೇಗದಲ್ಲಿರುವಾಗ ಎಮ್ಮೆ ಅಡ್ಡ ಬಂದರೆ ಗಾಡಿ ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ, ಮುಂದಿನ ತಿರುವು ಕಣ್ಣಿಗೆ ಕಾಣಿಸುವುದಕ್ಕಿಂತ ಹೆಚ್ಚು ಕಡಿದಾಗಿದ್ದರೆ ಏನು ಮಾಡಬೇಕು, ಮುಂದಿನ ಲಾರಿಯನ್ನು ದಾಟಲು ಎಷ್ಟು ಖಾಲಿ ರಸ್ತೆ ಬೇಕು ಎಂಬ ಪ್ರಶ್ನೆಗಳನ್ನು ಆ ಎಂಟು ಕೇಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದ ಮೇಲಿದ್ದವರು.

ಲೈಸೆನ್ಸಿನ ನಂತರದ ಈ ಕಲಿಕೆಯನ್ನು ‘ಅಡ್ವಾನ್ಸ್‌ಡ್ ರೈಡಿಂಗ್’ ಎಂದು ಕರೆಯುತ್ತಾರೆ. ಹೆಸರು ಕೇಳಿದ ಕೂಡಲೇ ನಮ್ಮ ಹುಡುಗರಿಗೆ ಮೊಣಕಾಲು ನೆಲಕ್ಕೆ ತಾಗಿಸುವ ರೇಸು, ಮುಂದಿನ ಗಾಲಿ ಎತ್ತುವ ಸಾಹಸ ನೆನಪಾಗುತ್ತದೆ. ಈ ವಿದ್ಯೆ ರೂಪುಗೊಂಡದ್ದು ಪೊಲೀಸರ ಕೈಯಲ್ಲಿ. 1930ರ ದಶಕದಲ್ಲಿ ಲಂಡನ್ ಪೊಲೀಸರ ಹೆಂಡನ್ ಚಾಲನಾ ಶಾಲೆಯಲ್ಲಿ, ತಮ್ಮದೇ ವಾಹನಗಳ ಅಪಘಾತಗಳನ್ನು ತಗ್ಗಿಸುವ ಸಲುವಾಗಿ, ಒಂದು ಕ್ರಮಬದ್ಧ ಚಾಲನಾ ಪದ್ಧತಿಯನ್ನು ಕಟ್ಟಿದರು. ಅದಕ್ಕೆ ಸಲಹೆ ಕೊಟ್ಟವರಲ್ಲಿ ಮುಖ್ಯನಾದ ಲಾರ್ಡ್ ಕಾಟೆನ್‌ಹ್ಯಾಮ್ ಸ್ವತಃ ರೇಸ್ ಚಾಲಕನಾಗಿದ್ದವನು ಎಂಬುದು ಗಮನಿಸಬೇಕಾದ ಸಂಗತಿ: ವೇಗವನ್ನು ಚೆನ್ನಾಗಿ ಬಲ್ಲವನೇ ಅದಕ್ಕೆ ಕಡಿವಾಣ ಹಾಕುವ ಕ್ರಮವನ್ನೂ ಹೇಳಿಕೊಟ್ಟ. 1956ರಲ್ಲಿ ಅಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಮೋಟರಿಸ್ಟ್ಸ್’ ಸ್ಥಾಪನೆಯಾಗಿ ಈ ಪದ್ಧತಿ ಸಾಮಾನ್ಯ ಸವಾರರನ್ನೂ ತಲುಪಿತು. ಬ್ರಿಟನ್ನಿನಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಸಾಗುವುದರಿಂದ, ಅಮೆರಿಕದ ಪಾಠಗಳಂತೆ ಎಡ–ಬಲವನ್ನು ತಲೆಕೆಳಗು ಮಾಡಿಕೊಳ್ಳುವ ತೊಂದರೆಯೂ ಇಲ್ಲಿ ಇಲ್ಲ.

ಇಡೀ ವಿದ್ಯೆಯ ತಿರುಳು ಒಂದೇ ಮಾತಿನಲ್ಲಿದೆ: ಸಮಯವನ್ನು ಮುಂಚಿತವಾಗಿ ಸಂಪಾದಿಸಿಕೊಳ್ಳುವುದು. ಅಮೆರಿಕದ ಲಾಸ್ ಏಂಜಲಿಸ್ ಸುತ್ತಮುತ್ತ ನಡೆದ 900 ಮೋಟಾರ್ ಸೈಕಲ್ ಅಪಘಾತಗಳನ್ನು ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಸ್ಥಳಕ್ಕೇ ಹೋಗಿ ಪರಿಶೀಲಿಸಿ, 1981ರಲ್ಲಿ ವರದಿ ಪ್ರಕಟಿಸಿತು. ಅಪಾಯ ಎದುರಾದ ಗಳಿಗೆಯಿಂದ ಡಿಕ್ಕಿಯವರೆಗೆ ಸವಾರನಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಕಾಲ 2 ಸೆಕೆಂಡಿಗೂ ಕಡಿಮೆ ಎಂಬುದು ಅದರ ಮುಖ್ಯ ಕಾಣ್ಕೆ. ಆ 900 ಸವಾರರಲ್ಲಿ ಶೇ 92ರಷ್ಟು ಜನ ತಾವಾಗಿಯೇ ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಕಣ್ಣು ಕಂಡದ್ದನ್ನು ಮೆದುಳು ಅರ್ಥಮಾಡಿಕೊಂಡು ಕೈ ಬ್ರೇಕಿನ ಮೇಲೆ ಬರುವುದಕ್ಕೇ ಸುಮಾರು ಒಂದೂವರೆ ಸೆಕೆಂಡು ಬೇಕು. ಉಳಿದ ಅರ್ಧ ಸೆಕೆಂಡಿನಲ್ಲಿ ಎಂಥ ಚಾಣಾಕ್ಷನೂ ಮಾಡಬಲ್ಲದ್ದು ಬಹಳ ಕಡಿಮೆ. ಆದ್ದರಿಂದ ಕೊನೆಯ ಎರಡು ಸೆಕೆಂಡಿನ ಕೈಚಳಕಕ್ಕಿಂತ ಅದರ ಹಿಂದಿನ ಹತ್ತು ಸೆಕೆಂಡಿನ ನೋಟಕ್ಕೆ ಈ ತರಬೇತಿ ಹೆಚ್ಚು ಬೆಲೆ ಕೊಡುತ್ತದೆ.

ಮೀಟರುಗಳಲ್ಲಿ ಹೇಳಿದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಒಣ ಡಾಂಬರಿನ ಮೇಲೆ, ಎರಡೂ ಬ್ರೇಕುಗಳನ್ನು ಸರಿಯಾಗಿ ಬಳಸುವ ಸವಾರ ಒಂದೂವರೆ ಸೆಕೆಂಡಿನಲ್ಲಿ ಎಚ್ಚೆತ್ತುಕೊಂಡರೆ, 40 ಕಿ.ಮೀ. ವೇಗದಲ್ಲಿ ಗಾಡಿ ನಿಲ್ಲಲು ಸುಮಾರು 27 ಮೀಟರ್ ಬೇಕು. 60ರಲ್ಲಿ 48 ಮೀಟರ್, 80ರಲ್ಲಿ 74 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಸುಮಾರು ಮೂರು ಪಟ್ಟಾಗುತ್ತದೆ. ಇದರಲ್ಲಿ ಬ್ರೇಕ್ ಹಿಡಿದ ಮೇಲಿನ ಭಾಗವನ್ನಷ್ಟೇ ತೆಗೆದುಕೊಂಡರೆ ಅದು ನಾಲ್ಕು ಪಟ್ಟು. ಇನ್ನು ರಾತ್ರಿಯ ಮಾತು. ಸಾಮಾನ್ಯ ಬೈಕಿನ ಡಿಮ್ ಬೆಳಕು ರಸ್ತೆಯನ್ನು ಉಪಯುಕ್ತವಾಗಿ ತೋರಿಸುವುದು ನಲವತ್ತೈವತ್ತು ಮೀಟರಿನವರೆಗೆ ಮಾತ್ರ. ಸಿಂಧನೂರು–ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ ಎಂಟಕ್ಕೆ, ಎದುರಿನಿಂದ ವಾಹನಗಳು ಬರುತ್ತಿರುವುದರಿಂದ ಡಿಮ್ಮಿನಲ್ಲೇ, ಎಂಬತ್ತರಲ್ಲಿ ಹೋಗುತ್ತಿರುವವನು ತನ್ನ ಬೆಳಕು ತೋರಿಸುವ ಜಾಗಕ್ಕಿಂತ ಇಪ್ಪತ್ತೈದು ಮೀಟರ್ ಆಚೆ ಮಾತ್ರ ನಿಲ್ಲಬಲ್ಲ. ಆ ಇಪ್ಪತ್ತೈದು ಮೀಟರಿನಲ್ಲಿ, ಹಿಂದೆ ಕೆಂಪು ದೀಪವಾಗಲಿ ರಿಫ್ಲೆಕ್ಟರ್ ಪಟ್ಟಿಯಾಗಲಿ ಇಲ್ಲದ ನೆಲ್ಲಿನ ಟ್ರ್ಯಾಲಿಯೊಂದು ಪಂಕ್ಚರಾಗಿ ನಿಂತಿರುವುದು ನಮ್ಮ ಸೀಮೆಯಲ್ಲಿ ಅಪರೂಪದ ದೃಶ್ಯವಲ್ಲ. ನಮಗೆ ಕಾಣುತ್ತಿರುವ ದೂರದೊಳಗೆ, ನಮ್ಮದೇ ಬದಿಯಲ್ಲಿ, ನಿಲ್ಲಿಸಬಲ್ಲಷ್ಟು ವೇಗ ಮಾತ್ರ ಇರಬೇಕು. ಉಳಿದ ಸೂತ್ರಗಳೆಲ್ಲ ಈ ಒಂದರಿಂದಲೇ ಹುಟ್ಟುತ್ತವೆ. ಡಿಮ್ ಬೆಳಕಿಗೆ ಅರವತ್ತೂ ಅಂಚಿನ ವೇಗವೇ. ನನ್ನ ಮಟ್ಟಿಗೆ ರಾತ್ರಿಯ ಕಾಲುವೆ ಸೀಮೆಗೆ ಐವತ್ತೇ ಹೆಚ್ಚು.

ನೋಟದ ಅಭ್ಯಾಸಕ್ಕೆ ತರಬೇತುದಾರರು ಬಳಸುವ ಒಂದು ಉಪಾಯ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಗಾಡಿ ಓಡಿಸುವುದು. ಹೆಲ್ಮೆಟ್ಟಿನೊಳಗೆ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ನಾಚಿಕೆಯ ಅಗತ್ಯವಿಲ್ಲ. ಬರೀ ಕಂಡದ್ದನ್ನು ಹೇಳಿದರೆ ಸಾಲದು. ಅದರಿಂದ ಏನಾಗಬಹುದು, ಅದಕ್ಕೆ ನಾನೇನು ಮಾಡುತ್ತೇನೆ ಎಂಬುದನ್ನೂ ಹೇಳಬೇಕು. ಗಂಗಾವತಿಯಿಂದ ಕಾರಟಗಿಯ ಕಡೆಗೆ ನಾನು ಹೇಳಿಕೊಳ್ಳುವ ಮಾತುಗಳು ಹೀಗಿರುತ್ತವೆ (ಕ್ಯಾಂಪು ಎಂದರೆ ಕಾಲುವೆ ಸೀಮೆಯ ರೈತರ ಸಣ್ಣ ಊರು): “ಎಡಕ್ಕ ಕ್ಯಾಂಪಿನ ದಾರಿ ಕೂಡತೈತಿ, ಡಾಂಬರಿನ ಮ್ಯಾಲ ಹಸಿ ಕೆಸರು ಬಿದ್ದೈತಿ. ಟ್ರ್ಯಾಕ್ಟರ್ ಈಗಷ್ಟ ಗದ್ದಿಯಿಂದ ಎದ್ದು ಬಂದೈತಿ, ತಿರುವಿನಾಚೆ ಅದ ಇರತೈತಿ. ಗ್ಯಾಸ್ ಬಿಟ್ಟೆ. ಬಸ್ಸು ನಿಂತೈತಿ, ಮುಂದಿನಿಂದ ಯಾರರ ಓಡಿ ಬರಬಹುದು. ಒಂದು ಮೊಳ ಬಲಕ್ಕ ಸರಿದೆ, ಬೆರಳು ಬ್ರೇಕಿನ ಮ್ಯಾಲೈತಿ.” ಮೊದಲ ಹತ್ತು ನಿಮಿಷಕ್ಕೇ ತಲೆ ದಣಿಯುತ್ತದೆ. ಅಷ್ಟು ದಿನ ಎಷ್ಟನ್ನು ನೋಡದೆ ಓಡಿಸುತ್ತಿದ್ದೆವೆಂಬುದು ಆ ದಣಿವಿನಿಂದಲೇ ತಿಳಿಯುತ್ತದೆ.

ಬ್ರಿಟಿಷ್ ಪಾಠಗಳಲ್ಲಿ ಈ ಬಗೆಯ ಸುಳಿವುಗಳಿಗೆ ಕೊಡುವ ಉದಾಹರಣೆಗಳು ಆ ನಾಡಿನವು: ರಸ್ತೆಯ ಮೇಲೆ ಕುದುರೆಯ ಲದ್ದಿ ಕಂಡರೆ ಮುಂದೆ ಕುದುರೆ ಸವಾರರಿರಬಹುದು, ಹೀಗೆ. ನಮ್ಮ ಸೀಮೆಯ ಸುಳಿವುಗಳ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಕುಷ್ಟಗಿ, ಲಿಂಗಸುಗೂರಿನ ಎರೆಭೂಮಿಯಲ್ಲಿ ರಸ್ತೆಯ ಮೇಲೆ ಹಸಿ ಹಿಕ್ಕೆ ಕಂಡರೆ ಮುಂದಿನ ಏರಿನಾಚೆ ಕುರಿಹಿಂಡು ರಸ್ತೆಯನ್ನೆಲ್ಲ ತುಂಬಿಕೊಂಡು ಹೋಗುತ್ತಿರುತ್ತದೆ. ಹಿಂಡು ರಸ್ತೆ ದಾಟುವಾಗ ಹಿಂದುಳಿದ ಒಂದೆರಡು ಮರಿಗಳು ಖಂಡಿತವಾಗಿ ಕೊನೆಯ ಗಳಿಗೆಯಲ್ಲಿ ಓಡಿ ಬರುತ್ತವೆ. ನವೆಂಬರ್–ಡಿಸೆಂಬರಿನ ಕೊಯ್ಲಿನ ಕಾಲದಲ್ಲಿ ಹುಲ್ಲಿನ ಎಸಳುಗಳು ಗಾಳಿಗೆ ಹಾರುತ್ತಿದ್ದರೆ ಮುಂದೆ ರಸ್ತೆಯ ಅರ್ಧಕ್ಕೆ ನೆಲ್ಲು ಹರವಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಹಗಲು ಆ ಕಲ್ಲು ಕಾಣುತ್ತದೆ. ನೆಲ್ಲು ಎತ್ತಿಕೊಂಡು ಹೋದ ಮೇಲೆ ಕಲ್ಲನ್ನು ಅಲ್ಲೇ ಬಿಟ್ಟುಹೋಗುವುದು ರಾತ್ರಿಯ ಸವಾರನ ಪಾಲಿಗೆ ಬರುವ ಆಪತ್ತು. ನೆಲ್ಲಿನ ಕಾಳಿನ ಮೇಲೆ ಗಾಲಿ ಹತ್ತಿದರೆ ಗೋಲಿಗಳ ಮೇಲೆ ನಡೆದಂತೆ. ಸಂಡೂರು, ತೋರಣಗಲ್ಲಿನ ಕಡೆ ರಸ್ತೆ ಕೆಂಪಾಗತೊಡಗಿತೆಂದರೆ ಅದಿರು ಲಾರಿಗಳ ಹಾದಿ ಶುರುವಾಯಿತೆಂದು ಅರ್ಥ. ಸಣ್ಣ ಅದಿರಿನ ಪುಡಿ ಡಾಂಬರಿನ ಹಿಡಿತವನ್ನು ಕಸಿಯುತ್ತದೆ, ಮೊದಲ ಮಳೆಗೆ ಅದೇ ಪುಡಿ ಕೆಂಪು ಗಂಜಿಯಾಗುತ್ತದೆ. ಎರೆಮಣ್ಣಿನದು ಇನ್ನೂ ಕೆಟ್ಟದ್ದು. ಮಳೆ ಬಿದ್ದ ದಿನ ಟ್ರ್ಯಾಕ್ಟರ್ ಗಾಲಿಗೆ ಮೆತ್ತಿಕೊಂಡು ಬಂದ ಎರೆ ಡಾಂಬರಿನ ಮೇಲೆ ಬಿದ್ದು ಒತ್ತಿಸಿಕೊಂಡರೆ ಬೆಣ್ಣೆ ಸವರಿದಂತಾಗುತ್ತದೆ. ಅಂಥ ಜಾಗದಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ಸಾಗುವುದೊಂದೇ ದಾರಿ, ಮತ್ತು ಹಾಗೆ ಸಾಗಬೇಕಾದರೆ ವೇಗವನ್ನು ಅದಕ್ಕೂ ಮೊದಲೇ ಇಳಿಸಿರಬೇಕು.

ಕಂಡದ್ದನ್ನು ಕೆಲಸಕ್ಕೆ ಹಚ್ಚುವ ಕ್ರಮಕ್ಕೆ ಪೊಲೀಸ್ ಪದ್ಧತಿಯಲ್ಲಿ ಐದು ಹೆಜ್ಜೆಗಳಿವೆ: ಮಾಹಿತಿ, ಸ್ಥಾನ, ವೇಗ, ಗೇರು, ವೇಗವರ್ಧನೆ. ಮೊದಲು ನೋಡಿ, ಕನ್ನಡಿಯಲ್ಲಿ ಹಿಂದನ್ನೂ ನೋಡಿ. ಆಮೇಲೆ ರಸ್ತೆಯ ಅಗಲದಲ್ಲಿ ಎಲ್ಲಿರಬೇಕೆಂದು ನಿರ್ಧರಿಸಿ. ಆಮೇಲೆ ವೇಗ ಇಳಿಸಿ. ಇಳಿದ ವೇಗಕ್ಕೆ ತಕ್ಕ ಗೇರು ಹಾಕಿ. ಕೊನೆಗೆ ಗ್ಯಾಸ್ ಕೊಡುತ್ತ ಅಪಾಯವನ್ನು ದಾಟಿ. ಮಾಹಿತಿ ಎಂಬುದು ಮೊದಲ ಹೆಜ್ಜೆಯಾಗಿದ್ದರೂ ಉಳಿದ ನಾಲ್ಕರ ಉದ್ದಕ್ಕೂ ನಡೆಯುತ್ತಲೇ ಇರುವಂಥದ್ದು. ಓದಲು ಇದು ಶಾಲೆಯ ಮಗ್ಗಿಯಂತೆ ಕಾಣಬಹುದು. ಆದರೆ ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುಗುಮುರುಗು: ತಿರುವಿನೊಳಗೆ ಹೊಕ್ಕ ಮೇಲೆ ಬ್ರೇಕ್ ಹಿಡಿಯುತ್ತೇವೆ, ಅರ್ಧ ತಿರುಗಿದ ಮೇಲೆ ಗೇರು ಇಳಿಸುತ್ತೇವೆ, ಎದುರಿಗೆ ಬಸ್ಸು ಕಂಡ ಮೇಲೆ ಜಾಗ ಹುಡುಕುತ್ತೇವೆ.

ಆನೆಗೊಂದಿಯಿಂದ ಸಾಣಾಪುರದ ಕಡೆ ಹೋಗುವ ರಸ್ತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ಮನೆಯಷ್ಟು ದೊಡ್ಡ ಗುಂಡುಗಳು. ತಿರುವಿನಾಚೆ ಏನಿದೆಯೆಂದು ಗುಂಡು ಬಿಟ್ಟುಕೊಡುವುದಿಲ್ಲ. ಇಂಥಲ್ಲಿ ವೇಗವನ್ನು ನಿರ್ಧರಿಸಲು ‘ಮಿತಿಬಿಂದು’ ಎಂಬ ಸಾಧನವಿದೆ. ತಿರುವಿನ ಕಡೆ ನೋಡಿದಾಗ ರಸ್ತೆಯ ಎಡ ಅಂಚು, ಬಲ ಅಂಚು ಎರಡೂ ದೂರದಲ್ಲಿ ಒಂದು ಕಡೆ ಕೂಡಿದಂತೆ ಕಾಣುತ್ತವೆ. ಅದೇ ಮಿತಿಬಿಂದು, ಅದರಾಚೆಯ ರಸ್ತೆ ನಮಗೆ ಇನ್ನೂ ಸಿಕ್ಕಿಲ್ಲ. ನಾವು ಹತ್ತಿರವಾದಂತೆ ಆ ಬಿಂದು ನಿಂತಲ್ಲೇ ನಿಂತು ನಮ್ಮ ಕಡೆಗೇ ಬರುತ್ತಿರುವಂತೆ ತೋರಿದರೆ ತಿರುವು ಕಡಿದಾಗಿದೆ, ವೇಗ ಇನ್ನೂ ಇಳಿಯಬೇಕು. ನಮ್ಮಷ್ಟೇ ವೇಗದಲ್ಲಿ ಅದೂ ಮುಂದೆ ಸರಿಯತೊಡಗಿದರೆ ವೇಗ ಹದವಾಗಿದೆ. ನಮಗಿಂತ ಬೇಗ ಓಡಿ, ಅಂಚುಗಳು ಬಿಚ್ಚಿಕೊಳ್ಳುತ್ತ ಹೋದರೆ ತಿರುವು ಮುಗಿಯುತ್ತಿದೆ, ಗ್ಯಾಸ್ ಕೊಡಬಹುದು. ಗೊತ್ತಿರುವ ರಸ್ತೆಯಲ್ಲಿ ಒಂದು ವಾರ ಇದನ್ನು ಬರೀ ಗಮನಿಸುತ್ತ ಹೋದರೆ ಸಾಕು, ಗೊತ್ತಿಲ್ಲದ ರಸ್ತೆಯಲ್ಲಿ ಕಣ್ಣು ತಾನಾಗಿ ಅದನ್ನು ಹುಡುಕುತ್ತದೆ.

ಸ್ಥಾನದ ವಿಚಾರದಲ್ಲಿ ಮಾತ್ರ ಪರದೇಶದ ಪಾಠವನ್ನು ಇದ್ದ ಹಾಗೆಯೇ ಇಳಿಸಿಕೊಳ್ಳಲಾಗುವುದಿಲ್ಲ. ಎಡ ತಿರುವಿನಲ್ಲಿ ನಡುಗೆರೆಯ ಹತ್ತಿರವಿದ್ದರೆ ಹೆಚ್ಚು ದೂರ ಕಾಣುತ್ತದೆ, ಬಲ ತಿರುವಿನಲ್ಲಿ ಎಡ ಅಂಚಿಗಿದ್ದರೆ ಹೆಚ್ಚು ದೂರ ಕಾಣುತ್ತದೆ ಎಂಬುದು ನಿಜ. ಆದರೆ ನಮ್ಮಲ್ಲಿ ತಿರುವಿನಲ್ಲೇ ಟ್ರ್ಯಾಕ್ಟರನ್ನು ದಾಟಿ ಬರುವ ಖಾಸಗಿ ಬಸ್ಸಿಗೆ ನಡುಗೆರೆ ಲೆಕ್ಕಕ್ಕಿಲ್ಲ. ಎಡ ಅಂಚಿನಲ್ಲಿ ಮರಳು, ಮುರಿದ ಡಾಂಬರು, ಕಟ್ಟೆಯಿಂದ ಇಳಿದು ಬರುವ ಆಡು. ಸುರಕ್ಷತೆ ಮೊದಲು, ಗಾಲಿಯ ಹಿಡಿತ ಎರಡನೆಯದು, ನೋಟ ಮೂರನೆಯದು ಎಂಬ ಅನುಕ್ರಮವನ್ನು ಆ ಪಾಠವೇ ಹೇಳುತ್ತದೆ. ಆ ಅನುಕ್ರಮವನ್ನು ನಮ್ಮ ರಸ್ತೆಗೆ ಹೊಂದಿಸಿದರೆ ಬಹುತೇಕ ಎಡ ತಿರುವುಗಳಲ್ಲಿ ನಮ್ಮ ಪಥದ ನಡುಭಾಗವೇ ಸರಿಯಾದ ಜಾಗ, ಮತ್ತು ನೋಟ ಕಡಿಮೆಯಾದ ಪಾಲನ್ನು ವೇಗ ಕಡಿಮೆ ಮಾಡಿ ತೀರಿಸಬೇಕಾಗುತ್ತದೆ.

ಈಗ ಬ್ರೇಕಿನ ಮಾತು. ನಮ್ಮ ಕಡೆ ಅತಿ ಹೆಚ್ಚು ತಪ್ಪು ನಂಬಿಕೆ ಇರುವುದು ಇಲ್ಲಿಯೇ. ನನಗೆ ಗಾಡಿ ಕಲಿಸಿದವರು ನಮ್ಮ ಸೋದರಮಾವ, ಗಂಗಾವತಿಯ ಹತ್ತಿರದ ಊರಿನ ಕಣದಲ್ಲಿ. ಮೊದಲ ಪಾಠ, ನಡುವಿನ ಪಾಠ, ಕೊನೆಯ ಪಾಠ ಎಲ್ಲ ಒಂದೇ ಆಗಿತ್ತು: “ಅಳಿಯಾ, ಮುಂದಿನ ಬ್ರೇಕ್ ಮಾತ್ರ ಮುಟ್ಟಬ್ಯಾಡ. ಮುಟ್ಟಿದಿ ಅಂದ್ರ ಪಲ್ಟಿ ಹೊಡಿತಿ.” ಇಪ್ಪತ್ತು ವರ್ಷ ನಾನು ಅದನ್ನು ಪಾಲಿಸಿದೆ. ಹರ್ಟ್ ತಂಡದ ವರದಿಯೂ ಇದೇ ರೋಗವನ್ನು ಗುರುತಿಸಿತ್ತು: ಗಾಬರಿಯಾದ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಗಾಲಿ ಜಾರಿಸಿಕೊಂಡಿದ್ದರು, ಮುಂದಿನದನ್ನು ಸಾಕಷ್ಟು ಬಳಸಿಯೇ ಇರಲಿಲ್ಲ.

ಗಾಡಿ ವೇಗ ಕಳೆದುಕೊಳ್ಳುವಾಗ ತೂಕವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ. ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಅದರ ಹಿಡಿತ ಹೆಚ್ಚುತ್ತದೆ, ಹಿಂದಿನ ಟೈರು ಹಗುರಾಗಿ ಹಿಡಿತ ಕಡಿಮೆಯಾಗುತ್ತದೆ. ಜೋರಾಗಿ ನಿಲ್ಲಿಸುವಾಗ ನಿಲ್ಲಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮುಂದಿನ ಗಾಲಿಯಿಂದಲೇ ಬರುತ್ತದೆ. ಹಿಂದಿನದೊಂದನ್ನೇ ನಂಬಿದವನಿಗೆ ಬ್ರೇಕಿನ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾದರೆ ಮಾವನ ಪಲ್ಟಿ ಸುಳ್ಳೇ? ಪೂರ್ತಿ ಸುಳ್ಳಲ್ಲ. ತೂಕ ಮುಂದಕ್ಕೆ ಬಂದು ಟೈರು ನೆಲಕ್ಕೆ ಕಚ್ಚಿಕೊಳ್ಳಲು ಅರೆಗಳಿಗೆ ಬೇಕು. ಅದಕ್ಕೂ ಮೊದಲೇ ಲಿವರನ್ನು ಗಬಕ್ಕನೆ ಹಿಡಿದರೆ, ಅಥವಾ ಗಾಡಿ ವಾಲಿರುವಾಗ, ಹ್ಯಾಂಡಲ್ ತಿರುಗಿರುವಾಗ, ಮರಳಿನ ಮೇಲೆ ಹಿಡಿದರೆ, ಮುಂದಿನ ಗಾಲಿ ಸಿಕ್ಕಿಕೊಂಡು ಜಾರುತ್ತದೆ. ಮಾವ ಕಂಡ ಪಲ್ಟಿಗಳೆಲ್ಲ ಈ ಬಗೆಯವು. ತಪ್ಪು ಬ್ರೇಕಿನದಲ್ಲ, ಹಿಡಿದ ರೀತಿಯದು. ಎರಡು ಬೆರಳಿನಿಂದ ಲಿವರಿನ ಸಡಿಲು ತೆಗೆದು, ಮುಂಭಾಗ ತಗ್ಗಿದ್ದು ಅನುಭವಕ್ಕೆ ಬಂದ ಮೇಲೆ, ಒದ್ದೆ ಬಟ್ಟೆಯನ್ನು ಹಿಂಡುವಂತೆ ಒಂದೇ ಸಮನೆ ಒತ್ತಡ ಏರಿಸುತ್ತ ಹೋಗಬೇಕು. ಹಿಂದಿನ ಬ್ರೇಕು ಜೊತೆಗೆ ಹದವಾಗಿ ಇರಬೇಕು.

ಕೊಪ್ಪಳದಾಚೆ ನಿವೇಶನ ಗುರುತು ಮಾಡಿ, ಡಾಂಬರು ಹಾಕಿ, ಮನೆಗಳು ಇನ್ನೂ ಬಾರದ ಲೇಔಟೊಂದರಲ್ಲಿ ಭಾನುವಾರ ಬೆಳಿಗ್ಗೆ ಮಾವನ ಎದುರಿಗೇ ಇದನ್ನು ಅಳೆದೆವು. ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ. ನಲವತ್ತರ ವೇಗದಲ್ಲಿ ಬಂದು ಗೆರೆ ದಾಟಿದ ಕೂಡಲೇ ನಿಲ್ಲಿಸಬೇಕು. ಹಿಂದಿನ ಬ್ರೇಕೊಂದರಿಂದ ನಿಂತ ಜಾಗಕ್ಕೆ ಮಾವನ ಲೆಕ್ಕದಲ್ಲಿ 27 ಹೆಜ್ಜೆ. ಎರಡೂ ಬ್ರೇಕು ಹಿಂಡಿದಾಗ 15. ಮಾವ ಮಾತಾಡದೆ ಹಿಂದಿರುಗಿ ಹೋಗಿ ಹದಿನೈದನ್ನು ಮತ್ತೊಮ್ಮೆ ಎಣಿಸಿಕೊಂಡು ಬಂದರು, ಈ ಸಲ ಹೆಜ್ಜೆಯನ್ನು ಸ್ವಲ್ಪ ಸಣ್ಣದಾಗಿಯೇ ಹಾಕಿ. ಆಗಲೂ ಹದಿನೇಳಕ್ಕೆ ಮುಗಿಯಿತು.

125 ಸಿಸಿಗಿಂತ ಹೆಚ್ಚಿನ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಅದಕ್ಕಿಂತ ಸಣ್ಣ ಗಾಡಿಗಳಿಗೆ ಎಬಿಎಸ್ ಇಲ್ಲದಿದ್ದರೆ ಸಿಬಿಎಸ್ ಆದರೂ ಇರಬೇಕೆಂದು ಆಗಿನ ನಿಯಮ ಹೇಳಿತು. ಸಿಬಿಎಸ್ ಇರುವ ಗಾಡಿಯಲ್ಲಿ ಹಿಂದಿನ ಬ್ರೇಕ್ ಹಾಕಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಗಾಲಿ ಸಿಕ್ಕಿಕೊಳ್ಳುವುದನ್ನು ಅದು ತಡೆಯುವುದಿಲ್ಲ. ಎಬಿಎಸ್ ತಡೆಯುತ್ತದೆ: ಗಾಲಿ ನಿಲ್ಲುವ ಹಂತಕ್ಕೆ ಬಂದಾಗ ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಆಗ ಲಿವರು ಬೆರಳಿನಡಿ ಗಡಗಡ ನಡುಗುತ್ತದೆ. ಈ ನಡುಕವನ್ನು ಮೊದಲ ಸಲ ನಿಜವಾದ ಆಪತ್ತಿನಲ್ಲೇ ಕಂಡವರು ಹೆದರಿ ಕೈಬಿಡುತ್ತಾರೆ. ಕೈಬಿಡಬಾರದು, ಹಿಡಿದೇ ಇರಬೇಕು. ಅನೇಕ ಗಾಡಿಗಳಲ್ಲಿ ಎಬಿಎಸ್ ಮುಂದಿನ ಗಾಲಿಗೆ ಮಾತ್ರ ಇರುತ್ತದೆ ಎಂಬುದನ್ನೂ, ವಾಲಿದ ಗಾಡಿಯನ್ನು ಸಾಮಾನ್ಯ ಎಬಿಎಸ್ ಪೂರ್ತಿ ಕಾಪಾಡಲಾರದೆಂಬುದನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ತಿರುಗಿಸುವ ವಿದ್ಯೆಯಲ್ಲಿ ಇನ್ನೊಂದು ವಿಚಿತ್ರವಿದೆ. ಸುಮಾರು ಇಪ್ಪತ್ತೈದು ಕಿ.ಮೀ. ವೇಗ ದಾಟಿದ ಮೇಲೆ ಗಾಡಿಯನ್ನು ಎಡಕ್ಕೆ ವಾಲಿಸಬೇಕಾದರೆ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಅಂದರೆ ಗಾಲಿ ಕ್ಷಣಮಾತ್ರ ಬಲಕ್ಕೆ ತಿರುಗುತ್ತದೆ, ತಳ ಬಲಕ್ಕೆ ಸರಿದದ್ದರಿಂದ ಮೈ ಎಡಕ್ಕೆ ವಾಲುತ್ತದೆ, ವಾಲಿದ ಗಾಡಿ ಎಡಕ್ಕೆ ತಿರುಗುತ್ತದೆ. ಇದನ್ನು ಕೌಂಟರ್ ಸ್ಟೀರಿಂಗ್ ಎನ್ನುತ್ತಾರೆ. ವಿಮಾನ ಕಟ್ಟಿದ ಸೋದರರಲ್ಲಿ ಒಬ್ಬನಾದ, ಸೈಕಲ್ ಅಂಗಡಿಯವನೂ ಆಗಿದ್ದ ವಿಲ್ಬರ್ ರೈಟ್ ಹತ್ತಾರು ಸೈಕಲ್ ಸವಾರರನ್ನು ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಕೇಳಿ, ಒಬ್ಬರೂ ಪೂರ್ತಿ ಸರಿಯಾಗಿ ಹೇಳಲಿಲ್ಲವೆಂದು ಅಚ್ಚರಿಪಟ್ಟಿದ್ದ. ದೇಹಕ್ಕೆ ಗೊತ್ತಿರುವುದು ಬುದ್ಧಿಗೆ ಗೊತ್ತಿರುವುದಿಲ್ಲ. ನೆಟ್ಟಗಿನ ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಅಂಗೈಯಿಂದ ಮೆಲ್ಲನೆ ಒತ್ತಿ ನೋಡಿದರೆ ತಿಳಿಯುತ್ತದೆ. ತಿಳಿದು ಮಾಡುವವನಿಗೆ ಗುಂಡಿ ತಪ್ಪಿಸುವಾಗ, ಎಣಿಸಿದ್ದಕ್ಕಿಂತ ತಿರುವು ಬಿಗಿಯಾದಾಗ, ಗಾಬರಿಯಾಗಿ ಬ್ರೇಕ್ ಹಿಡಿಯುವ ಬದಲು ಇನ್ನಷ್ಟು ಒತ್ತಲು ಬರುತ್ತದೆ. ಇದರ ಜೊತೆಗೇ ಕಣ್ಣಿನ ಶಿಸ್ತು: ನೋಡಿದ ಕಡೆಗೇ ಗಾಡಿ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಬೀಳುತ್ತಾನೆ. ಗುಂಡಿಯ ಪಕ್ಕದ ಗಟ್ಟಿ ನೆಲವನ್ನು ನೋಡಬೇಕು.

ಹಿಂದಿಕ್ಕುವ ವಿಚಾರಕ್ಕೆ ಬಂದರೆ, ಲೆಕ್ಕ ಹಾಕಿದವರಿಗೆ ಅರ್ಧ ಆಸೆ ಅಲ್ಲೇ ಇಂಗಿಹೋಗುತ್ತದೆ. ದ್ವಿಪಥ ರಸ್ತೆಯಲ್ಲಿ 50ರಲ್ಲಿ ಹೋಗುತ್ತಿರುವ ಲಾರಿಯನ್ನು ನಾವು 60ರಲ್ಲಿ ದಾಟುತ್ತೇವೆ ಎನ್ನೋಣ. ಲಾರಿಯ ಉದ್ದ, ಹಿಂದಿನ ಅಂತರ, ಮುಂದೆ ಸೇರಿಕೊಳ್ಳಲು ಬೇಕಾದ ಅಂತರ ಎಲ್ಲ ಸೇರಿ 40 ಮೀಟರ್ ಹೆಚ್ಚಿಗೆ ಕ್ರಮಿಸಬೇಕು. ಸೆಕೆಂಡಿಗೆ ನಮಗೆ ಸಿಗುವ ಹೆಚ್ಚಳ 3 ಮೀಟರಿಗೂ ಕಡಿಮೆ; ಆದ್ದರಿಂದ 14 ಸೆಕೆಂಡು ಬೇಕು. ಅಷ್ಟರಲ್ಲಿ ನಾವು 240 ಮೀಟರ್ ಮುಂದೆ ಹೋಗಿರುತ್ತೇವೆ, ಎದುರಿನಿಂದ ಅರವತ್ತರಲ್ಲೇ ಬರುವ ಬಸ್ಸೂ 240 ಮೀಟರ್ ಹತ್ತಿರ ಬಂದಿರುತ್ತದೆ. ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣುತ್ತಿರಬೇಕು. ಅಷ್ಟು ಮಾಡಿ ಮೂವತ್ತು ಕಿಲೋಮೀಟರಿನ ದಾರಿಯಲ್ಲಿ ಉಳಿಯುವುದು ಆರು ನಿಮಿಷ. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಮೋಟಾರ್ ಸೈಕಲ್ಲಿಗೆ ಗರಿಷ್ಠ ವೇಗ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ 80, ಇಂಥ ಸಾಮಾನ್ಯ ರಸ್ತೆಯಲ್ಲಿ 60. ಐವತ್ತರಲ್ಲಿ ಹೋಗುವ ಲಾರಿಯ ಹಿಂದೆ ಹೋಗುವುದೇ ಲೇಸು; ಇಪ್ಪತ್ತರಲ್ಲಿ ತೆವಳುವ ಎರಡು ಟ್ರ್ಯಾಲಿಯ ಟ್ರ್ಯಾಕ್ಟರನ್ನು ದಾಟುವುದು ಬೇರೆ ಲೆಕ್ಕ.

ಹಿಂದೆ ಹೋಗುವುದಕ್ಕೂ ಒಂದು ರೀತಿಯಿದೆ. ಮುಂದಿನ ವಾಹನ ಒಂದು ಕಂಬ ದಾಟಿದಾಗ “ಸಾವಿರದ ಒಂದು, ಸಾವಿರದ ಎರಡು” ಎಂದು ಹೇಳಿ ಮುಗಿಸುವ ಮೊದಲು ನಾವು ಆ ಕಂಬ ತಲುಪಬಾರದು. ಅರವತ್ತರಲ್ಲಿ ಈ ಎರಡು ಸೆಕೆಂಡಿಗೆ 33 ಮೀಟರ್ ಅಂತರ; ಮಳೆಯಲ್ಲಿ ಇಮ್ಮಡಿ. ಹಿಂದೆ ಸರಿದಷ್ಟೂ ಲಾರಿಯ ಎರಡೂ ಬದಿಯಿಂದ ಮುಂದಿನ ರಸ್ತೆ ಕಾಣುತ್ತದೆ, ಲಾರಿಯ ಗಾಲಿಗಳ ನಡುವಿನಿಂದ ದಿಢೀರನೆ ಹೊರಬರುವ ಗುಂಡಿಗೂ ಸಮಯ ಸಿಗುತ್ತದೆ.

ಲಾರಿ ಚಾಲಕರ ಬಲ ಇಂಡಿಕೇಟರಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ರಸ್ತೆಗಳಲ್ಲಿ ಅದಕ್ಕೆ “ನೀ ಮುಂದ ಹೋಗು” ಎಂಬ ಅರ್ಥವೂ ಇದೆ, “ನಾನು ಬಲಕ್ಕೆ ತಿರುಗುತ್ತಿದ್ದೇನೆ” ಎಂಬ ಕಾನೂನಿನ ಅರ್ಥವೂ ಇದೆ. ಒಂದು ಸಂಜೆ ಕಾರಟಗಿಯ ಆಚೆ ನೆಲ್ಲಿನ ಲಾರಿಯೊಂದು ಬಲಕ್ಕೆ ದೀಪ ಮಿಣುಕಿಸಿತು. ಉಪಕಾರವೆಂದು ತಿಳಿದು ನಾನು ಹೊರಗೆ ಬಂದೆ. ಬಲಕ್ಕೊಂದು ರೈಸ್ ಮಿಲ್ಲಿನ ಗೇಟು ಇತ್ತು, ಲಾರಿ ಆ ಕಡೆಗೇ ತಿರುಗಿತು. ನಾನು ಉಳಿದದ್ದು ಅದರ ಮುಂದಿನ ಗಾಲಿಗೂ ಗೇಟಿನ ಕಂಬಕ್ಕೂ ನಡುವೆ ಇದ್ದ ಜಾಗದಿಂದ, ನನ್ನ ಜಾಣತನದಿಂದಲ್ಲ. ಅಂದಿನಿಂದ ಇಂಡಿಕೇಟರ್ ಕಂಡರೆ ಮೊದಲು ಬಲಬದಿಯಲ್ಲಿ ಗೇಟು, ಕ್ಯಾಂಪಿನ ದಾರಿ, ಪೆಟ್ರೋಲ್ ಬಂಕು ಇವೆಯೇ ಎಂದು ನೋಡುತ್ತೇನೆ. ಇದ್ದರೆ ಅದು ತಿರುವು. ಲಾರಿಯ ವೇಗ ಇಳಿಯುತ್ತಿದ್ದರೂ ತಿರುವು. ಬೇರೆಯವರ ದೀಪ ನಮಗೆ ಮಾಹಿತಿ ಮಾತ್ರ, ಅನುಮತಿಯಾಗಲಾರದು.

ಹೆಲ್ಮೆಟ್ಟಿನ ಮಾತನ್ನು ಬೇಗ ಮುಗಿಸಬಹುದು, ಏಕೆಂದರೆ ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರಿಶೀಲನೆಯಂತೆ ಹೆಲ್ಮೆಟ್ ಸಾವಿನ ಸಂಭವವನ್ನು ಶೇ 42ರಷ್ಟೂ, ತಲೆಗೆ ಪೆಟ್ಟಾಗುವ ಸಂಭವವನ್ನು ಶೇ 69ರಷ್ಟೂ ತಗ್ಗಿಸುತ್ತದೆ. ಐಎಸ್ 4151 ಎಂಬ ಮಾನದಂಡದ ಐಎಸ್‌ಐ ಗುರುತು ಇರಬೇಕು. ರಸ್ತೆ ಬದಿಯ ಅರ್ಧ ಟೋಪಿಗಳು ದಂಡ ತಪ್ಪಿಸಲಷ್ಟೇ. ಒಳಗಿನ ಥರ್ಮಾಕೋಲಿನಂಥ ಪದರ ಒಮ್ಮೆ ಜಜ್ಜಿಹೋಗಿ ಪೆಟ್ಟನ್ನು ಹೀರಿಕೊಳ್ಳುವಂತೆ ಮಾಡಿರುತ್ತಾರೆ, ಹಾಗಾಗಿ ಒಂದು ಅಪಘಾತ ಕಂಡ ಹೆಲ್ಮೆಟ್ ಮತ್ತೆ ಉಪಯೋಗಕ್ಕಿಲ್ಲ. ಗದ್ದದ ಪಟ್ಟಿ ಕಟ್ಟದಿದ್ದರೆ ಅದು ತಲೆಗಿಂತ ಮೊದಲು ಹಾರಿಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದೆ ಕೂತವರಿಗೂ, ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಇದನ್ನು ಕಡ್ಡಾಯ ಮಾಡಿದೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ರಾಯಚೂರಿನ ಬಿಸಿಲಲ್ಲಿ ಹೆಲ್ಮೆಟ್ ಕಷ್ಟವೆಂಬುದು ಸುಳ್ಳಲ್ಲ. ಒದ್ದೆ ಮಾಡಿದ ತೆಳು ಹತ್ತಿಬಟ್ಟೆಯನ್ನು ಒಳಗೆ ಕಟ್ಟಿಕೊಂಡು, ಗಂಟೆಗೊಮ್ಮೆ ನೆರಳಲ್ಲಿ ನಿಂತು ನೀರು ಕುಡಿದರೆ ಸಹ್ಯವಾಗುತ್ತದೆ. ಬಿಸಿಲಿನ ನಿಜವಾದ ಅಪಾಯ ನೀರಿಲ್ಲದೆ ಮಂಕಾಗುವ ಮೆದುಳು: ಒಂದೂವರೆ ಸೆಕೆಂಡಿನ ಎಚ್ಚರ ಎರಡೂವರೆಗೆ ಏರುವುದು ಸವಾರನ ಗಮನಕ್ಕೇ ಬರುವುದಿಲ್ಲ.

ತರಬೇತಿ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ, ಬೆಂಗಳೂರಿನಲ್ಲಿ ಒಂದೆರಡು ದಿನದ ಖಾಸಗಿ ಶಿಬಿರಗಳು ನಡೆಯುತ್ತವೆ. ಚೆನ್ನೈ, ಕೊಯಮತ್ತೂರಿನ ರೇಸ್ ಟ್ರ್ಯಾಕುಗಳಲ್ಲೂ ನಡೆಯುತ್ತವೆ. ಟ್ರ್ಯಾಕಿನ ಶಾಲೆಯಲ್ಲಿ ಗಾಡಿಯ ಹತೋಟಿ ಚೆನ್ನಾಗಿ ಬರುತ್ತದೆ, ಆದರೆ ಅಲ್ಲಿ ಎದುರಿಗೆ ಬಸ್ಸು ಬರುವುದಿಲ್ಲ, ಕುರಿ ಇರುವುದಿಲ್ಲ. ಹಣ ಕಟ್ಟುವ ಮುನ್ನ, ತರಬೇತುದಾರರು ಬಯಲು ರಸ್ತೆಯಲ್ಲಿ ನಮ್ಮ ಹಿಂದೆ ಬಂದು ಗಮನಿಸಿ ತಪ್ಪು ಹೇಳುತ್ತಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹೋಗಲಾಗದವರಿಗೆ ಆ ಲೇಔಟಿನ ರಸ್ತೆ, ಒಂದು ಹಿಡಿ ಸುಣ್ಣ, ಹೆಜ್ಜೆ ಎಣಿಸುವ ಒಬ್ಬರು ಸಾಕು. ಮೊದಲ ವಾರ ಇಪ್ಪತ್ತರ ವೇಗ, ಆಮೇಲೆ ಮೂವತ್ತು, ಆಮೇಲೆ ನಲವತ್ತು. ಪ್ರತಿ ವೇಗದಲ್ಲೂ ಗಾಡಿ ನೆಟ್ಟಗೆ ನಿಲ್ಲುವುದು ಹತ್ತು ಸಲ ತಪ್ಪದೆ ಬಂದ ಮೇಲೆಯೇ ಮುಂದಿನದು. ಶುರು ಮಾಡುವ ಮುನ್ನ ಟೈರಿನ ಗಾಳಿಯನ್ನು ಗಾಡಿ ತಣ್ಣಗಿರುವಾಗಲೇ ನೋಡಿಕೊಳ್ಳಬೇಕು, ರಸ್ತೆಯ ಮರಳನ್ನು ಪೊರಕೆಯಿಂದ ಗುಡಿಸಬೇಕು. ನಮ್ಮಲ್ಲಿ ಪೊರಕೆ ತರುವ ಕೆಲಸ ಈಗ ಮಾವನದು.